ಪ್ರಮಾಣಾನುಗುಣ ಪದ್ಧತಿಯ ಜಿದ್ದಾಜಿದ್ದಿ ಚುನಾವಣೆಯಲ್ಲಿ ಎಣಿಕೆಯನ್ನು ಓದುವ ಬಗೆ

2023ರ ಮೇ 13ರಂದು ಕುಮಟಾ ವಿಧಾನಸಭಾ ಕ್ಷೇತ್ರದ ಮತ ಎಣಿಕೆ ನಡೆದಾಗ ನಮ್ಮ ಕೇರಿಯಲ್ಲಿ ಯಾರಿಗೂ ಹೊತ್ತಿಗೆ ಸರಿಯಾಗಿ ಊಟವಾಗಲಿಲ್ಲ. ಕೊನೆಗೆ ಬಿಜೆಪಿಯ ದಿನಕರ ಶೆಟ್ಟಿಯವರು ಜೆಡಿಎಸ್‌ನ ಸೂರಜ್ ನಾಯ್ಕ ಸೋನಿಯವರನ್ನು 676 ಮತಗಳ ಅಂತರದಿಂದ ಸೋಲಿಸಿದರು. ಸೋತವರಿಗೆ ಬಿದ್ದ ಅಷ್ಟೂ ಮತಗಳು ಅಲ್ಲಿಗೇ ಮುಗಿದವು. ಅವು ವಿಧಾನಸೌಧದ ಮೆಟ್ಟಿಲು ಹತ್ತಲಿಲ್ಲ. ಯಾವ ಸುತ್ತಿನಲ್ಲಿ ಯಾರಿಗೆ ಎಷ್ಟು ಮುನ್ನಡೆ ಎಂಬ ಒಂದೇ ಪ್ರಶ್ನೆಯಿಂದ ಚುನಾವಣೆಯನ್ನು ನೋಡಿ ರೂಢಿಯಾದ ನಮಗೆ, ಮತಗಳ ಪ್ರಮಾಣಕ್ಕೆ ತಕ್ಕಂತೆ ಸ್ಥಾನಗಳನ್ನು ಹಂಚುವ ದೇಶಗಳ ಎಣಿಕೆ ಮೊದಲ ಸಲ ನೋಡಿದಾಗ ತಲೆಬುಡ ತಿಳಿಯುವುದಿಲ್ಲ. ಅಲ್ಲಿ ಎಲ್ಲರಿಗಿಂತ ಹೆಚ್ಚು ಮತ ಪಡೆದ ಪಕ್ಷ ವಿರೋಧ ಪಕ್ಷದ ಬೆಂಚಿನಲ್ಲಿ ಕೂರಬಹುದು, ರಾತ್ರಿ ಬಹುಮತವಿದ್ದ ಕೂಟಕ್ಕೆ ಮೂರು ವಾರದ ನಂತರ ಅದು ಇಲ್ಲದೆ ಹೋಗಬಹುದು.

ನಮ್ಮ ಕರಾವಳಿಯಲ್ಲಿಯೂ ಘಟ್ಟದ ಮೇಲಿನ ಶಿರಸಿ ಸೀಮೆಯಲ್ಲಿಯೂ ಮಕ್ಕಳು ಪರದೇಶದಲ್ಲಿರುವ ಮನೆಗಳು ಹೆಚ್ಚುತ್ತಿರುವುದರಿಂದ ಇದು ಬರಿಯ ಕುತೂಹಲದ ವಿಷಯವಾಗಿ ಉಳಿದಿಲ್ಲ. ನನ್ನ ತಂಗಿಯ ಮಗ ಆಕ್ಲೆಂಡಿನಲ್ಲಿದ್ದಾನೆ. ನ್ಯೂಜಿಲೆಂಡಿನಲ್ಲಿ ಪೌರತ್ವವಿಲ್ಲದ ಖಾಯಂ ನಿವಾಸಿಗಳಿಗೂ ಮತದಾನದ ಹಕ್ಕು ಇರುವುದರಿಂದ ಅವನೂ ಅಲ್ಲಿ ಮತ ಹಾಕುತ್ತಾನೆ. ಅವನು ಫೋನಿನಲ್ಲಿ ವಿವರಿಸಿದ್ದನ್ನೂ ನಾನು ತಪ್ಪು ಮಾಡಿ ಕಲಿತದ್ದನ್ನೂ ಸೇರಿಸಿ, ಇಂಥ ಎಣಿಕೆಯನ್ನು ಮನೆಯಲ್ಲಿ ಕುಳಿತು ಗಮನಿಸಬೇಕೆನ್ನುವವರಿಗೆ ಇಲ್ಲಿ ಬರೆದಿದ್ದೇನೆ.

ಬೇಕಾಗುವ ಸಲಕರಣೆ ಒಂದು ನೋಟುಬುಕ್ಕು, ಒಂದು ಪೆನ್ಸಿಲ್ಲು ಮತ್ತು ಆ ದೇಶದ ಚುನಾವಣಾ ಆಯೋಗದ ತಾಣ. ಪೆನ್ಸಿಲ್ಲೇ ಏಕೆ ಎಂಬುದು ಮುಂದೆ ತಿಳಿಯುತ್ತದೆ. ಚುನಾವಣೆಗೆ ಒಂದು ವಾರ ಮೊದಲೇ ಮೊದಲ ಪುಟದಲ್ಲಿ ಸಂಸತ್ತಿನ ಒಟ್ಟು ಸ್ಥಾನಗಳು, ಬಹುಮತಕ್ಕೆ ಬೇಕಾದ ಸಂಖ್ಯೆ, ಸ್ಥಾನ ಪಡೆಯಲು ದಾಟಲೇಬೇಕಾದ ಕನಿಷ್ಠ ಮತಪ್ರಮಾಣ, ಯಾರು ಯಾರೊಡನೆ ಕೂಡುತ್ತಾರೆ ಎಂಬುದನ್ನು ಬರೆದುಕೊಳ್ಳಬೇಕು. ಸ್ವೀಡನ್ನಿಗೆ ಈ ಪುಟ ಹೀಗಿರುತ್ತದೆ: 349, 175, ಶೇಕಡಾ 4, ಎಡಬಣ ಮತ್ತು ಬಲಬಣ. ನ್ಯೂಜಿಲೆಂಡಿಗೆ 120, 61, ಶೇಕಡಾ 5. ಅಲ್ಲಿ ಮತದಾರ ಒಂದು ಮತವನ್ನು ತನ್ನ ಕ್ಷೇತ್ರದ ಅಭ್ಯರ್ಥಿಗೂ ಇನ್ನೊಂದನ್ನು ಪಕ್ಷಕ್ಕೂ ಹಾಕುತ್ತಾನೆ, ಮತ್ತು ಒಂದು ಕ್ಷೇತ್ರವನ್ನು ಗೆದ್ದ ಪಕ್ಷಕ್ಕೆ ಶೇಕಡಾ 5ರ ನಿಯಮ ಅಡ್ಡ ಬರುವುದಿಲ್ಲ. ಸಮಯವನ್ನೂ ನಮ್ಮ ಗಡಿಯಾರಕ್ಕೆ ಬದಲಾಯಿಸಿ ಬರೆದಿಡುವುದು ಒಳ್ಳೆಯದು. ಸ್ವೀಡನ್ನಿನಲ್ಲಿ ಸೆಪ್ಟೆಂಬರಿನ ಎರಡನೆಯ ಭಾನುವಾರ ರಾತ್ರಿ 8ಕ್ಕೆ ಮತದಾನ ಮುಗಿದಾಗ ನಮಗೆ 11.30 ಆಗಿರುತ್ತದೆ. ನ್ಯೂಜಿಲೆಂಡಿನಲ್ಲಿ ಅಕ್ಟೋಬರಿನ ಶನಿವಾರ ಸಂಜೆ 7 ಎಂದರೆ ನಮ್ಮ ಬೆಳಗಿನ 11.30. ಮೊದಲನೆಯದಕ್ಕೆ ಯಕ್ಷಗಾನದ ಆಟ ನೋಡಲು ಹೋದವರಂತೆ ಬೆಳಗಿನವರೆಗೆ ಕೂರುವ ಅಭ್ಯಾಸ ಬೇಕು, ಎರಡನೆಯದಕ್ಕೆ ಬೇಡ.

ಎಣಿಕೆ ಆರಂಭವಾದಾಗ ಎಲ್ಲರ ಕಣ್ಣು ದೊಡ್ಡ ಪಕ್ಷಗಳ ಮೇಲಿರುತ್ತದೆ. ನಿಮ್ಮ ಕಣ್ಣು ಆ ಕನಿಷ್ಠ ಮತಪ್ರಮಾಣದ ಹೊಸ್ತಿಲ ಬಳಿ ನಿಂತಿರುವ ಸಣ್ಣ ಪಕ್ಷದ ಮೇಲಿರಲಿ. 2025ರ ಫೆಬ್ರುವರಿ 23ರಂದು ಜರ್ಮನಿಯಲ್ಲಿ ನಡೆದ ಚುನಾವಣೆಯಲ್ಲಿ ಸಾರಾ ವಾಗನ್‌ಕ್ನೆಕ್ಟ್ ಅವರ ಪಕ್ಷಕ್ಕೆ ಶೇಕಡಾ 4.98ರಷ್ಟು ಮತ ಬಂತು. ಅಲ್ಲಿಯ ಹೊಸ್ತಿಲು ಶೇಕಡಾ 5. ಇಡೀ ದೇಶದಲ್ಲಿ ಸುಮಾರು 9,500 ಮತಗಳ ಕೊರತೆಯಿಂದ ಆ ಪಕ್ಷ ಹೊರಗುಳಿಯಿತು, ಮತ್ತು ಅದಕ್ಕೆ ಸೇರಬೇಕಾಗಿದ್ದ ಮೂವತ್ತಕ್ಕೂ ಹೆಚ್ಚು ಸ್ಥಾನಗಳು ಉಳಿದ ಪಕ್ಷಗಳ ನಡುವೆ ಹಂಚಿಹೋದವು. ಸಿಡಿಯು–ಸಿಎಸ್‌ಯು ಮತ್ತು ಎಸ್‌ಪಿಡಿ ಪಕ್ಷಗಳಿಗೆ ಒಟ್ಟು ಬಂದ ಮತ ಶೇಕಡಾ 45ರ ಒಳಗೇ ಇದ್ದರೂ 630 ಸ್ಥಾನಗಳಲ್ಲಿ 328 ಸಿಕ್ಕಿದ್ದಕ್ಕೆ, ಹೀಗೆ ಹೊಸ್ತಿಲು ದಾಟದೆ ಬಿದ್ದ ಮತಗಳು ಲೆಕ್ಕದಿಂದ ಹೊರಗಾದದ್ದೇ ಕಾರಣ. ಬಹುಮತಕ್ಕೆ ಬೇಕಾದದ್ದು 316; ಆ ಸಣ್ಣ ಪಕ್ಷ ಒಳಗೆ ಬಂದಿದ್ದರೆ ಈ ಇಬ್ಬರ ಕೂಟಕ್ಕೆ ಬಹುಮತವೇ ಇರುತ್ತಿರಲಿಲ್ಲ. ಆದ್ದರಿಂದ ಅಂಥ ಪಕ್ಷವೊಂದು 4.9 ಮತ್ತು 5.1ರ ನಡುವೆ ಹೊಯ್ದಾಡುತ್ತಿರುವಾಗ ಯಾವ ಕೂಟದ ಮೊತ್ತವನ್ನೂ ನಂಬಬಾರದು. ನೋಟುಬುಕ್ಕಿನಲ್ಲಿ ಎರಡು ಸಾಲು ಎಳೆದು, ಆ ಪಕ್ಷ ಒಳಗಿದ್ದರೆ ಹೇಗೆ, ಹೊರಗಿದ್ದರೆ ಹೇಗೆ ಎಂದು ಎರಡೂ ಲೆಕ್ಕವನ್ನು ಬರೆಯುತ್ತಾ ಹೋಗಬೇಕು.

ಇನ್ನು ಹಂಚಿಕೆಯ ಲೆಕ್ಕ. ಇದನ್ನು ಒಮ್ಮೆ ಕೈಯಾರೆ ಮಾಡದವರಿಗೆ ಕೊನೆಯ ಗಂಟೆಗಳ ರೋಚಕತೆ ಅರ್ಥವಾಗುವುದಿಲ್ಲವಾದ್ದರಿಂದ ಸ್ವಲ್ಪ ತಾಳ್ಮೆ ಬೇಡುತ್ತೇನೆ. 7 ಸ್ಥಾನಗಳ ಒಂದು ಕಲ್ಪಿತ ಸಭೆಯನ್ನು ತೆಗೆದುಕೊಳ್ಳೋಣ, 10,000 ಮತಗಳು, ದೋಣಿ, ಅಡಿಕೆ, ಉಪ್ಪು ಎಂಬ ಮೂರು ಪಕ್ಷಗಳು. (ಸಾಣಿಕಟ್ಟೆಯ ಆಗರ ನಮ್ಮ ತಾಲ್ಲೂಕಿನಲ್ಲೇ ಇರುವಾಗ ಉಪ್ಪನ್ನು ಬಿಡುವುದು ಸರಿಯಲ್ಲ.) ದೋಣಿಗೆ 4,700, ಅಡಿಕೆಗೆ 3,300, ಉಪ್ಪಿಗೆ 2,000 ಮತ ಬಂದಿವೆ. ನ್ಯೂಜಿಲೆಂಡಿನ ಕ್ರಮದಂತೆ ಪ್ರತಿ ಪಕ್ಷದ ಮತಗಳನ್ನು 1, 3, 5, 7 ಹೀಗೆ ಬೆಸಸಂಖ್ಯೆಗಳಿಂದ ಭಾಗಿಸಿ, ಬಂದ ಭಾಗಲಬ್ಧಗಳಲ್ಲಿ ದೊಡ್ಡವು ಏಳನ್ನು ಆರಿಸಬೇಕು. ದೋಣಿಗೆ 4,700, 1,566.7, 940, 671.4, ಅಡಿಕೆಗೆ 3,300, 1,100, 660, ಉಪ್ಪಿಗೆ 2,000, 666.7. ಮೊದಲ ಆರು ಸ್ಥಾನಗಳು 4,700, 3,300, 2,000, 1,566.7, 1,100, 940 ಎಂಬ ಸಂಖ್ಯೆಗಳಿಗೆ ಯಾವ ತಕರಾರೂ ಇಲ್ಲದೆ ಹೋಗುತ್ತವೆ. ಏಳನೆಯ ಸ್ಥಾನಕ್ಕೆ ದೋಣಿಯ 671.4, ಉಪ್ಪಿನ 666.7, ಅಡಿಕೆಯ 660 ಮೂರೂ ಬಾಗಿಲಲ್ಲಿ ಒತ್ತಿಕೊಂಡು ನಿಂತಿವೆ. ಅದು ದೋಣಿಗೆ ಸಿಕ್ಕಿ ಅದರ ಬಲ 4 ಆಗುತ್ತದೆ. ಶೇಕಡಾ 47 ಮತದಿಂದ ಒಂದೇ ಪಕ್ಷದ ಸರ್ಕಾರ ಬರುತ್ತದೆ.

ಈಗ ಉಪ್ಪಿಗೆ ಎಲ್ಲಿಂದಲೋ ಇನ್ನೂ 15 ಮತ ಬಂದವೆನ್ನಿ. 2,015ನ್ನು 3ರಿಂದ ಭಾಗಿಸಿದರೆ 671.7; ಏಳನೆಯ ಸ್ಥಾನ ಕೈ ಬದಲಾಯಿಸಿತು. ದೋಣಿ 3, ಅಡಿಕೆ 2, ಉಪ್ಪು 2. ಅಡಿಕೆಯೂ ಉಪ್ಪೂ ಕೂಡಿದರೆ 4. ಹತ್ತು ಸಾವಿರದಲ್ಲಿ 15 ಮತಗಳು ಒಂದು ಸರ್ಕಾರವನ್ನು ಇಳಿಸಿ ಇನ್ನೊಂದನ್ನು ಏರಿಸಿದವು. ಇದೇ ಮತಗಳನ್ನು ನೆದರ್ಲೆಂಡ್ಸಿನಲ್ಲಿ ಬಳಸುವ ಡಿಹಾಂಟ್ ಕ್ರಮದಲ್ಲಿ, ಅಂದರೆ 1, 2, 3, 4 ಎಂದು ಸಾಲಾಗಿ ಭಾಗಿಸಿದರೆ, ದೋಣಿಯ ನಾಲ್ಕನೆಯ ಸ್ಥಾನ 1,175ರ ಭಾಗಲಬ್ಧದೊಡನೆ ಭದ್ರವಾಗಿರುತ್ತದೆ. ಅದನ್ನು ಕಿತ್ತುಕೊಳ್ಳಲು ಉಪ್ಪಿಗೆ 15 ಅಲ್ಲ, 350ಕ್ಕಿಂತ ಹೆಚ್ಚು ಮತ ಸೇರಬೇಕು. ಡಿಹಾಂಟ್ ದೊಡ್ಡವರ ಪಕ್ಷಪಾತಿ ಎಂದು ಹೇಳುವುದು ಇದಕ್ಕೇ. ಸ್ವೀಡನ್ನಿನವರು ಬೆಸಸಂಖ್ಯೆಗಳನ್ನೇ ಬಳಸಿದರೂ ಮೊದಲ ಭಾಜಕವನ್ನು 1ರ ಬದಲು 1.2 ಮಾಡಿಕೊಂಡಿದ್ದಾರೆ, ಸಣ್ಣ ಪಕ್ಷಕ್ಕೆ ಮೊದಲ ಸ್ಥಾನ ತುಸು ದುಬಾರಿಯಾಗಲಿ ಎಂಬುದು ಅದರ ಇಂಗಿತ. ದೇಶ ಯಾವುದೇ ಇರಲಿ, ಕೊನೆಯ ಸ್ಥಾನ ಈಗ ಯಾರದು, ಅದರ ಬೆನ್ನಿಗೆ ನಿಂತವರು ಯಾರು, ಅವರಿಗೆ ಎಷ್ಟು ಮತದ ಕೊರತೆ ಎಂಬ ಮೂರು ಸಂಗತಿಗಳನ್ನು ಗಮನಿಸುತ್ತಿದ್ದರೆ, ದೂರದರ್ಶನದ ಪರದೆಯ ಮೇಲೆ ಬಣ್ಣದ ಕಂಬಗಳನ್ನು ನೋಡುತ್ತಾ ಕೂತವರಿಗಿಂತ ಹೆಚ್ಚು ತಿಳಿಯುತ್ತದೆ.

ನಮ್ಮವರಿಗೆ ಒಂದು ವಿಷಯ ಮೊದಲೇ ಗೊತ್ತು, ಅದನ್ನು ಇಲ್ಲಿಯೂ ಬಳಸಬಹುದು. ಈಗ ಎಣಿಸುತ್ತಿರುವ ಸುತ್ತು ಯಾವ ಕಡೆಯ ಹಳ್ಳಿಗಳದ್ದು ಎಂದು ಕೇಳದೆ ನಮ್ಮೂರಿನ ಯಾವ ಏಜೆಂಟನೂ ಮುನ್ನಡೆಗೆ ಬೆಲೆ ಕೊಡುವುದಿಲ್ಲ. ಪರದೇಶದಲ್ಲಿಯೂ ಸಣ್ಣ ಮತಗಟ್ಟೆಗಳ ಎಣಿಕೆ ಬೇಗ ಮುಗಿಯುತ್ತದೆ, ದೊಡ್ಡ ನಗರಗಳದ್ದು ತಡವಾಗುತ್ತದೆ. ಆದ್ದರಿಂದ ಆರಂಭದ ಶೇಕಡಾವಾರನ್ನು ಇಡೀ ದೇಶದ ಶೇಕಡಾವಾರೆಂದು ತಿಳಿಯದೆ, ಎಣಿಕೆ ಮುಗಿದ ಅದೇ ಮತಗಟ್ಟೆಗಳಲ್ಲಿ ಹಿಂದಿನ ಸಲ ಎಷ್ಟಿತ್ತು ಎಂಬುದರೊಡನೆ ಹೋಲಿಸಬೇಕು. ಮತಗಟ್ಟೆ ಸಮೀಕ್ಷೆಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಕಠಿಣವಾಗಿದೆ: ಜಿದ್ದಾಜಿದ್ದಿ ಇದ್ದಾಗ ಅವನ್ನು ಮನರಂಜನೆಗೆ ನೋಡಬಹುದು, ಲೆಕ್ಕಕ್ಕೆ ಹಿಡಿಯಬಾರದು. 2022ರ ಸೆಪ್ಟೆಂಬರ್ 11ರ ರಾತ್ರಿ ಸ್ವೀಡನ್ನಿನ ಸಮೀಕ್ಷೆ ಎಡಬಣಕ್ಕೆ ಕೂದಲೆಳೆಯ ಮುನ್ನಡೆ ತೋರಿಸಿತ್ತು. ನಾವು ನಿದ್ದೆಗಣ್ಣಿನಲ್ಲಿ ನೋಡುತ್ತಿದ್ದಂತೆ ಎಣಿಕೆ ಬಲಕ್ಕೆ ಹೊರಳಿತು. ವಿದೇಶಗಳಿಂದ ಬಂದ ಮತಗಳನ್ನೂ ತಡವಾಗಿ ತಲುಪಿದ ಮುಂಗಡ ಮತಗಳನ್ನೂ ಬುಧವಾರ ಎಣಿಸುವುದು ಅಲ್ಲಿಯ ಕ್ರಮ. ಆಗಿನ ಪ್ರಧಾನಿ, ಎಡಬಣದ ಮಗ್ಡಲೆನಾ ಆಂಡರ್‌ಸನ್ ಅವರು ಸೋಲನ್ನು ಒಪ್ಪಿಕೊಂಡದ್ದೂ ಆ ಬುಧವಾರವೇ. ಕೊನೆಯ ಸಂಖ್ಯೆ ಬಲಬಣಕ್ಕೆ 176, ಎಡಬಣಕ್ಕೆ 173.

ನಾನು ತಪ್ಪಿದ್ದು ಮುಂದಿನ ವರ್ಷ, ನ್ಯೂಜಿಲೆಂಡಿನಲ್ಲಿ. 2023ರ ಅಕ್ಟೋಬರ್ 14 ಮಹಾಲಯ ಅಮಾವಾಸ್ಯೆ. ಮನೆಯಲ್ಲಿ ಅದರ ಗಡಿಬಿಡಿ, ಮಧ್ಯಾಹ್ನ 2ರಿಂದ ಅಹಮದಾಬಾದಿನಲ್ಲಿ ಭಾರತ–ಪಾಕಿಸ್ತಾನ ವಿಶ್ವಕಪ್ ಪಂದ್ಯ. ಪಂದ್ಯದ ನಡುವೆ ಅಳಿಯನ ಫೋನು ಬಂದಾಗ ನಾನು ಪೆನ್ನಿನಿಂದ ಬರೆದುಕೊಂಡೆ: ಬಲಬಣದ ಪಕ್ಷಗಳಾದ ನ್ಯಾಷನಲ್ 50, ಆ್ಯಕ್ಟ್ 11, ಒಟ್ಟು 61, ಸಭೆಯ ಬಲ 121. “ಹಾಗಾದರೆ ಇಬ್ಬರಿಗೇ ಸಾಕಾಯಿತಲ್ಲ” ಎಂದೆ. “ಮಾವ, ವಿಶೇಷ ಮತ ಇನ್ನೂ ಎಣಿಸಿಲ್ಲ, ಸ್ವಲ್ಪ ತಡೆಯಿರಿ” ಎಂದು ಅವನು ಹೇಳಿದ್ದನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಭಾರತ ಗೆದ್ದ ಸಂಭ್ರಮದಲ್ಲಿ ಸಂಜೆ ಚಹಾದಂಗಡಿಯಲ್ಲಿ ಅಲ್ಲಿಯ ಸರ್ಕಾರವನ್ನೂ ರಚಿಸಿಬಿಟ್ಟೆ. ತಮ್ಮ ಕ್ಷೇತ್ರದಿಂದ ಹೊರಗೆ, ಪರದೇಶದಲ್ಲಿ ಅಥವಾ ತಡವಾಗಿ ಹೆಸರು ನೋಂದಾಯಿಸಿ ಹಾಕಿದ ಮತಗಳನ್ನು ಅಲ್ಲಿ ವಿಶೇಷ ಮತ ಎನ್ನುತ್ತಾರೆ. ಅವುಗಳನ್ನು ಪರಿಶೀಲಿಸಿ ಎಣಿಸಿ ಅಧಿಕೃತ ಫಲಿತಾಂಶ ಹೊರಬಿದ್ದದ್ದು ನವೆಂಬರ್ 3ರಂದು. ನ್ಯಾಷನಲ್ 48ಕ್ಕೆ ಇಳಿದಿತ್ತು. ಅಲ್ಲಿಯ ಮೂಲನಿವಾಸಿಗಳ ಮಾವೊರಿ ಪಕ್ಷ, ಪಕ್ಷದ ಮತಗಳಿಂದ ಬರಬೇಕಾದ ತನ್ನ ಪಾಲಿಗಿಂತ ಹೆಚ್ಚು ಕ್ಷೇತ್ರಗಳನ್ನು ಗೆದ್ದದ್ದರಿಂದ ಸಭೆಯೇ 122ಕ್ಕೆ ಹಿಗ್ಗಿತ್ತು. 61 ಇದ್ದದ್ದು 59 ಆಗಿ, ವಿನ್ಸ್ಟನ್ ಪೀಟರ್ಸ್ ಅವರ 8 ಸ್ಥಾನಗಳ ಪಕ್ಷವನ್ನು ಕರೆಯದೆ ಗತ್ಯಂತರವಿಲ್ಲದಂತಾಯಿತು. ನನ್ನ ನೋಟುಬುಕ್ಕಿನ ಆ ಪುಟದಲ್ಲಿ ಪೆನ್ನಿನ ಗೀಟು ಇಂದಿಗೂ ಇದೆ. 2017ರಲ್ಲಿಯೂ ಹೀಗೆಯೇ ಆಗಿತ್ತು ಎಂದು ಆಮೇಲೆ ತಿಳಿಯಿತು: ಚುನಾವಣೆಯ ರಾತ್ರಿ 58 ಇದ್ದ ನ್ಯಾಷನಲ್ ಕೊನೆಗೆ 56 ಆಯಿತು, ಆ ಎರಡು ಸ್ಥಾನಗಳು ಲೇಬರ್ ಮತ್ತು ಗ್ರೀನ್ ಪಕ್ಷಗಳಿಗೆ ಒಂದೊಂದಾಗಿ ಹೋದವು. ಎರಡು ಸಲವೂ ಬಲಪಕ್ಷಕ್ಕೆ ಎರಡು ಸ್ಥಾನದ ನಷ್ಟವಾಗಿರುವುದರಿಂದ, ಆ ದೇಶದ ಎಣಿಕೆಯ ರಾತ್ರಿ ಬಲಬಣದ ಬಹುಮತ ಒಂದೆರಡು ಸ್ಥಾನದ್ದಾಗಿದ್ದರೆ ಅದನ್ನು ಇಲ್ಲವೆಂದೇ ಭಾವಿಸಿ ಲೆಕ್ಕ ಹಾಕುವುದು ಜಾಣತನ.

ಅಧಿಕೃತ ಸಂಖ್ಯೆ ಬಂದ ಮೇಲೆಯೂ ನೋಟುಬುಕ್ಕನ್ನು ಮುಚ್ಚುವಂತಿಲ್ಲ. 2017ರ ಆ ಚುನಾವಣೆಯಲ್ಲಿ 56 ಸ್ಥಾನಗಳ ನ್ಯಾಷನಲ್ ಎಲ್ಲರಿಗಿಂತ ದೊಡ್ಡ ಪಕ್ಷವಾಗಿದ್ದರೂ, 9 ಸ್ಥಾನಗಳ ಪೀಟರ್ಸ್ ಅಕ್ಟೋಬರ್ 19ರಂದು ಲೇಬರ್ ಕಡೆಗೆ ವಾಲಿದ್ದರಿಂದ ಗ್ರೀನ್ ಪಕ್ಷದ ಬೆಂಬಲವೂ ಇದ್ದ, 46 ಸ್ಥಾನಗಳ ಲೇಬರ್‌ ನಾಯಕಿ ಜಸಿಂಡಾ ಆರ್ಡರ್ನ್ ಪ್ರಧಾನಿಯಾದರು. ಹೀಗಾಗಿ ಪಕ್ಷಗಳ ಸಾಲಿಗಿಂತ ಕೂಟಗಳ ಸಾಲನ್ನು ದೊಡ್ಡದಾಗಿ ಬರೆಯಬೇಕು. ಎರಡೂ ಕೂಟಗಳಿಗೆ ಬೇಕಾದ ಪಕ್ಷ ಯಾವುದಿದೆಯೋ ಅದರ ಸುತ್ತ ಒಂದು ವೃತ್ತ ಹಾಕಿ, ಅದರ ನಾಯಕರು ಚುನಾವಣೆಗೆ ಮೊದಲು ಯಾರೊಡನೆ ಸೇರುವುದಿಲ್ಲವೆಂದು ಹೇಳಿದ್ದರೋ ಅದನ್ನು ಪಕ್ಕದಲ್ಲಿ ನಮೂದಿಸಬೇಕು.

ಕೊನೆಯ ಪುಟವನ್ನು ಸಂಸತ್ತಿನ ಮತದಾನಕ್ಕೆ ಖಾಲಿ ಬಿಡಿ, ಏಕೆಂದರೆ ಅಲ್ಲಿಯ ನಿಯಮ ನಾವು ಊಹಿಸಿದಂತೆಯೇ ಇರಬೇಕೆಂದಿಲ್ಲ. 2018ರ ಸ್ವೀಡನ್ ಚುನಾವಣೆ ನಮ್ಮ ಚೌತಿಗೆ ನಾಲ್ಕು ದಿನ ಮೊದಲು, ಸೆಪ್ಟೆಂಬರ್ 9ರಂದು ನಡೆಯಿತು. ಎಡಬಣಕ್ಕೆ 144, ಎದುರಿನ ಮೈತ್ರಿಕೂಟಕ್ಕೆ 143, ಇಬ್ಬರೂ ಹತ್ತಿರ ಸೇರಿಸಲು ಒಪ್ಪದ ಸ್ವೀಡನ್ ಡೆಮಾಕ್ರಾಟ್ ಪಕ್ಷಕ್ಕೆ 62. ಚೌತಿ, ನವರಾತ್ರಿ, ದೀಪಾವಳಿ ಕಳೆದು ಸಂಕ್ರಾಂತಿಯೂ ಮುಗಿದ ಮೇಲೆ, 2019ರ ಜನವರಿ 18ರಂದು, ಎಡಬಣದ ಸ್ಟೆಫಾನ್ ಲೋವೆನ್ ಅವರ ಹೆಸರು ಪ್ರಧಾನಿ ಹುದ್ದೆಗೆ ಸಭೆಯ ಮುಂದೆ ಬಂತು. ಅಲ್ಲಿ ಪ್ರಧಾನಿಗೆ ಪರವಾದ ಬಹುಮತ ಬೇಕಿಲ್ಲ. 175 ಮಂದಿ ವಿರೋಧವಾಗಿ ಮತ ಹಾಕದಿದ್ದರೆ ಸಾಕು. ನನ್ನ ಪುಟದಲ್ಲಿ ಆ ದಿನದ ಸಾಲು, ಯಾವ ಅನುಮಾನವೂ ಇಲ್ಲದೆ ಪೆನ್ನಿನಿಂದಲೇ ಬರೆದದ್ದು, ಹೀಗಿದೆ: ಪರ 115, ವಿರೋಧ 153, ತಟಸ್ಥ 77, ಆಯ್ಕೆಯಾದರು.