ಮೊಟ್ಟೆ ಪೆಟ್ಟಿಗೆಯಲ್ಲಿ ಮಲಗುವ ಕೋಳಿಗಳು

ಬೆಳಿಗ್ಗೆ ಗೂಡಿನ ಬಾಗಿಲು ತೆಗೆದಾಗ, ಮೊಟ್ಟೆ ಇಡಲೆಂದು ಆಸೆಯಿಂದ ಮಾಡಿಸಿಟ್ಟ ಪೆಟ್ಟಿಗೆಯ ಹುಲ್ಲೆಲ್ಲ ಹಿಕ್ಕೆಯಾಗಿ, ಅದರ ನಡುವೆ ಆ ದಿನದ ಮೊದಲ ಮೊಟ್ಟೆ ಕೊಳೆ ಮೆತ್ತಿಕೊಂಡು ಬಿದ್ದಿರುವುದನ್ನು ಕಂಡವರು ಕೋಳಿಯನ್ನು ಗದರಿಸಿ ಓಡಿಸಲು ನೋಡುತ್ತಾರೆ. ಅದರಿಂದ ಪ್ರಯೋಜನವಿಲ್ಲ, ಸಂಜೆಯಾಗುತ್ತಲೇ ಅದು ಮತ್ತೆ ಅಲ್ಲಿಗೇ ಬರುತ್ತದೆ. ಮಲೆನಾಡಿನ ನಮ್ಮ ಹಿತ್ತಿಲಲ್ಲಿ 30 ವರ್ಷಕ್ಕೂ ಹೆಚ್ಚು ಕಾಲ ಕೋಳಿ ಸಾಕಿದ ಮೇಲೆ ನನಗೆ ಮನವರಿಕೆಯಾಗಿರುವ ಮಾತೆಂದರೆ, ಕೋಳಿ ಪೆಟ್ಟಿಗೆಯಲ್ಲಿ ಮಲಗುವುದಕ್ಕೆ ಕಾರಣವನ್ನು ಹೆಚ್ಚಿನ ಸಲ ಪೆಟ್ಟಿಗೆಯಲ್ಲಿ ಹುಡುಕಬಾರದು, ಅದು ರಾತ್ರಿ ಕೂರಬೇಕಾದ ಅಡ್ಡಗೋಲಿನಲ್ಲಿ ಹುಡುಕಬೇಕು.

ಕೋಳಿಯ ಪೂರ್ವಜರಾದ ಕಾಡುಕೋಳಿಗಳು ಹಗಲೆಲ್ಲ ನೆಲದಲ್ಲಿ ಕೆದಕಿ ತಿಂದರೂ ಕತ್ತಲಾಗುವ ಮುನ್ನ ಮರವೇರಿ ಕೊಂಬೆಯ ಮೇಲೆಯೇ ರಾತ್ರಿ ಕಳೆಯುತ್ತವೆ. ಹಳ್ಳಿಯಲ್ಲಿ ಬಿಟ್ಟು ಸಾಕಿದ ನಾಟಿ ಕೋಳಿ ಹಲಸಿನ ಮರವನ್ನೋ ಕೊಟ್ಟಿಗೆಯ ತೊಲೆಯನ್ನೋ ಹುಡುಕಿಕೊಳ್ಳುವುದೂ ಅದೇ ಸ್ವಭಾವದಿಂದ. ಗೂಡಿನೊಳಗೆ ತನಗೆ ಎಟುಕುವ ಜಾಗಗಳಲ್ಲಿ ಎಲ್ಲಕ್ಕಿಂತ ಎತ್ತರದ್ದನ್ನು ಅದು ಆರಿಸಿಕೊಳ್ಳುತ್ತದೆ. ಆದ್ದರಿಂದ ಮೊದಲು ನೋಡಬೇಕಾದದ್ದು ಎತ್ತರವನ್ನು. ಪೆಟ್ಟಿಗೆಯ ಬಾಯಿ ನೆಲದಿಂದ 2 ಅಡಿ ಮೇಲಿದ್ದು ಅಡ್ಡಗೋಲು ಒಂದೂವರೆ ಅಡಿಯಲ್ಲಿದ್ದರೆ ಕೋಳಿ ಪೆಟ್ಟಿಗೆಯನ್ನೇ ಆರಿಸಿಕೊಳ್ಳುವುದರಲ್ಲಿ ಅದರ ತಪ್ಪೇನೂ ಇಲ್ಲ. ಅಡ್ಡಗೋಲು ಪೆಟ್ಟಿಗೆಗಿಂತ ಕನಿಷ್ಠ ಒಂದಡಿಯಾದರೂ ಮೇಲಿರಲಿ. ಪೆಟ್ಟಿಗೆಯ ಮುಚ್ಚಳವನ್ನು ಚೆನ್ನಾಗಿ ಇಳಿಜಾರು ಮಾಡಿಸಿದರೆ ಅದರ ನೆತ್ತಿಯ ಮೇಲೆ ಕೂರುವ ಅಭ್ಯಾಸವೂ ತಪ್ಪುತ್ತದೆ.

ಗಿರಿರಾಜದಂತಹ ಮೈತುಂಬಿದ ತಳಿಯನ್ನು ಸಾಕುವವರು ಮಾತ್ರ ಈ ಲೆಕ್ಕವನ್ನು ಸ್ವಲ್ಪ ಬದಲಿಸಿಕೊಳ್ಳಬೇಕು. ಅವು ಭಾರವಾದ ಕೋಳಿಗಳು, ನಾಟಿ ಕೋಳಿಯ ಹಾಗೆ ಒಂದೇ ನೆಗೆತಕ್ಕೆ 3 ಅಡಿ ಏರುವುದು ಅವುಗಳಿಗೆ ಕಷ್ಟ, ಏರಿದರೂ ಬೆಳಿಗ್ಗೆ ಧುಮುಕುವಾಗ ಪಾದಕ್ಕೆ ಪೆಟ್ಟಾಗಿ ಬಾವು ಬರುತ್ತದೆ. ಅಂತಹ ಗೂಡಿನಲ್ಲಿ ಅಡ್ಡಗೋಲನ್ನು ಎತ್ತರಿಸುವ ಬದಲು ಪೆಟ್ಟಿಗೆಯನ್ನೇ ಕೆಳಗಿಳಿಸಿ ಒಂದು ಸಾಲು ಇಟ್ಟಿಗೆಯ ಮೇಲೆ ಕೂರಿಸಿ, ಅಡ್ಡಗೋಲನ್ನು 2 ಅಡಿಯಲ್ಲಿಟ್ಟು, ಅದಕ್ಕೆ ಹತ್ತಲು ಅಡಕೆ ದಬ್ಬೆಯ ಒಂದು ಸಣ್ಣ ಏಣಿಯನ್ನು ಓರೆಯಾಗಿ ಒರಗಿಸಿಡುವುದು ಒಳ್ಳೆಯದು.

ಎತ್ತರ ಸರಿಯಿದ್ದೂ ಕೋಳಿ ಹತ್ತದಿದ್ದರೆ ಅಡ್ಡಗೋಲನ್ನು ಕೈಯಿಂದ ಮುಟ್ಟಿ ನೋಡಿ. ನುಣುಪಾದ ಬಿದಿರು ಮತ್ತು ಕಬ್ಬಿಣದ ಪೈಪು ಜಾರುತ್ತವೆ, ತೀರಾ ಸಪೂರವಾದ ಕೋಲಿನ ಮೇಲೆ ಕೋಳಿ ರಾತ್ರಿಯಿಡೀ ಹಿಡಿತ ಬಿಗಿಮಾಡಿಕೊಂಡೇ ಇರಬೇಕಾಗುತ್ತದೆ. 2 ಇಂಚು ಅಗಲದ ಮರದ ರಿಪೀಸಿನ ಅಂಚನ್ನು ಉಜ್ಜಿ ದುಂಡಗೆ ಮಾಡಿ ಹಾಕಿದರೆ ಅದು ಪಾದವನ್ನು ಹರವಿ ನೆಮ್ಮದಿಯಾಗಿ ಕೂರುತ್ತದೆ. ಒಂದು ಕೋಳಿಗೆ 8ರಿಂದ 10 ಇಂಚು ಜಾಗ ಬೇಕು, ಗೋಡೆಯಿಂದ ಒಂದಡಿ ಬಿಡುವಿರಬೇಕು. ಜಾಗ ಸಾಲದಿದ್ದರೆ ಬಲವುಳ್ಳ ಹೇಂಟೆಗಳು ಕುಕ್ಕಿ ಕುಕ್ಕಿ ಎಳೆಯವನ್ನು ಕೆಳಗಿಳಿಸುತ್ತವೆ, ಹಾಗೆ ಇಳಿದವು ಗೋಡೆಯ ಮರೆಯಿರುವ ಪೆಟ್ಟಿಗೆಯನ್ನು ಸೇರಿಕೊಳ್ಳುತ್ತವೆ. ನಿಮ್ಮ ಪೆಟ್ಟಿಗೆಯಲ್ಲಿ ದಿನವೂ ಮಲಗುವುದು ಒಂದೆರಡು ಎಳೆಯ ಕೋಳಿಗಳು ಮಾತ್ರವಾಗಿದ್ದರೆ ಇದೇ ಕಾರಣವೆಂದು ತಿಳಿದು ಇನ್ನೊಂದು ಅಡ್ಡಗೋಲನ್ನು ಅದೇ ಎತ್ತರದಲ್ಲಿ ಹಾಕಿಬಿಡಿ. ಎತ್ತರ ಬೇರೆಬೇರೆಯಾದರೆ ಮೇಲಿನದಕ್ಕಾಗಿ ಜಗಳ ತಪ್ಪುವುದಿಲ್ಲ. ಮಳೆಗಾಲದಲ್ಲಿ ಇರಚಲು ಹೊಡೆಯುವ ಕಡೆ ಅಡ್ಡಗೋಲಿದ್ದರೂ ಕೋಳಿಗಳು ಒಂದೊಂದಾಗಿ ಪೆಟ್ಟಿಗೆಗೆ ಇಳಿಯುತ್ತವೆ. ಆಗ ಆ ಬದಿಗೆ ತಟ್ಟಿ ಕಟ್ಟಬೇಕು, ಆದರೆ ಸೂರಿನ ಕೆಳಗೆ ಗಾಳಿಯಾಡುವ ಸಂದನ್ನು ಮುಚ್ಚಬಾರದು.

ಇನ್ನು ಬಹಳ ಮಂದಿ ಗಮನಿಸದ ಕಾರಣವೊಂದಿದೆ, ನಾನೂ ಅದನ್ನು ತಡವಾಗಿ ಕಂಡುಕೊಂಡೆ. ಒಂದು ಬೇಸಿಗೆಯಲ್ಲಿ ವರ್ಷಗಳಿಂದ ಅಡ್ಡಗೋಲಿನ ಮೇಲೆಯೇ ಮಲಗುತ್ತಿದ್ದ ಕೋಳಿಗಳೆಲ್ಲ ವಾರದೊಳಗೆ ಅದನ್ನು ಬಿಟ್ಟು ಪೆಟ್ಟಿಗೆಯಲ್ಲಿ ಒತ್ತೊತ್ತಾಗಿ ತುಂಬಿಕೊಳ್ಳತೊಡಗಿದವು. ನಾನು ಹಾವೋ ಮುಂಗುಸಿಯೋ ಬಂದು ಹೆದರಿಸಿರಬೇಕೆಂದು ಜಾಲರಿಯನ್ನೆಲ್ಲ ಹುಡುಕಿ ಹೊಲಿದದ್ದೇ ಬಂತು. ಕಡೆಗೆ ಒಂದು ರಾತ್ರಿ ಟಾರ್ಚು ಹಿಡಿದು ಹೋಗಿ ಅಡ್ಡಗೋಲಿನ ಅಡಿಭಾಗವನ್ನು ಬಿಳಿ ಬಟ್ಟೆಯಿಂದ ಒರೆಸಿದಾಗ ಬಟ್ಟೆಯ ತುಂಬ ರಕ್ತದ ಕಲೆ ಹತ್ತಿತು. ರಕ್ತ ಹೀರುವ ಕೆಂಪು ನುಸಿ ಹಗಲು ಕೋಲಿನ ಬಿರುಕುಗಳಲ್ಲಿ ಅಡಗಿದ್ದು ಕತ್ತಲಾದ ಮೇಲೆ ಕೋಳಿಯ ಮೈಗೆ ಹತ್ತುತ್ತದೆ. ಹಗಲಿನಲ್ಲಿ ಕೋಳಿಯನ್ನು ಹಿಡಿದು ರೆಕ್ಕೆ ಬಿಡಿಸಿ ನೋಡಿದವರಿಗೆ ಅದು ಕಾಣಸಿಗುವುದೇ ಅಪರೂಪ. ಕೋಲುಗಳನ್ನು ಬಿಚ್ಚಿ ಕುದಿನೀರು ಸುರಿದು ಬಿಸಿಲಿಗಿಟ್ಟು, ಅವು ಕೂರುವ ಸಂದುಗಳಿಗೆ ಸುಣ್ಣ ಬಳಿದು, ಕೋಲಿನ ತುದಿಗಳಿಗೆ ಬೇವಿನ ಎಣ್ಣೆ ಸವರಬೇಕು. ಬೇಸಿಗೆಯ ಶಾಖದಲ್ಲಿ ಒಂದು ವಾರ, ಹತ್ತು ದಿನದೊಳಗೆ ಹೊಸ ಪೀಳಿಗೆ ಬೆಳೆದುಬಿಡುವುದರಿಂದ ಇದನ್ನು ವಾರಕ್ಕೊಮ್ಮೆಯಂತೆ ಮೂರು ಸಲವಾದರೂ ಮಾಡಲೇಬೇಕು. ಕೋಳಿ ಹೊರಳಾಡುವ ಧೂಳಿನ ಗುಂಡಿಗೆ ಒಲೆಯ ತಣ್ಣನೆಯ ಬೂದಿ ಬೆರೆಸುವ ಹಿರಿಯರ ಕ್ರಮವೂ ಜೊತೆಗಿರಲಿ. ಆದರೂ ಹತೋಟಿಗೆ ಬರದಿದ್ದರೆ ಪಶುವೈದ್ಯರನ್ನು ಕೇಳಿ ಔಷಧಿ ತನ್ನಿ, ಬೆಳೆಗೆ ಹೊಡೆಯುವ ಔಷಧಿಯನ್ನು ದಯವಿಟ್ಟು ಗೂಡಿಗೆ ತರಬೇಡಿ.

ಇವೆಲ್ಲವನ್ನೂ ಸರಿಪಡಿಸಿದ ಮೇಲೆ ಉಳಿಯುವುದು ಅಭ್ಯಾಸದ ಮಾತು. ಮಂಕರಿ ಮುಚ್ಚಿ ಬೆಳೆಸಿದ ಮರಿಗಳಿಗೆ ಅಡ್ಡಗೋಲೆಂದರೆ ಏನೆಂದೇ ತಿಳಿದಿರುವುದಿಲ್ಲ. ಕೋಳಿ ಹೆಚ್ಚಾಗಿ ಮುಂಜಾನೆಯಿಂದ ಮಧ್ಯಾಹ್ನದೊಳಗೆ ಮೊಟ್ಟೆ ಇಟ್ಟು ಮುಗಿಸುವುದರಿಂದ ಮೂರು ಗಂಟೆಯ ಹೊತ್ತಿಗೆ ಮೊಟ್ಟೆಗಳನ್ನೆಲ್ಲ ತೆಗೆದು, ಪೆಟ್ಟಿಗೆಯ ಬಾಯಿಗೆ ಹಲಗೆಯನ್ನೋ ಗೋಣಿಚೀಲವನ್ನೋ ಅಡ್ಡಕಟ್ಟಿಬಿಡಿ. ಕತ್ತಲಾಗಿ ಅವೆಲ್ಲ ಮಲಗಿದ ಮೇಲೆ ಅದನ್ನು ತೆಗೆದಿಟ್ಟರೆ ನಸುಕಿನಲ್ಲಿ ಮೊಟ್ಟೆ ಇಡಬೇಕಾದ ಕೋಳಿ ಬಾಗಿಲು ಕಾಣದೆ ನೆಲದಲ್ಲಿಡುವ ಪ್ರಸಂಗ ಬರುವುದಿಲ್ಲ. ಪೆಟ್ಟಿಗೆ ಮುಚ್ಚಿದ್ದರಿಂದ ನೆಲದಲ್ಲೇ ಮುದುಡಿ ಕುಳಿತದ್ದನ್ನು ಎರಡೂ ಕೈಯಿಂದ ರೆಕ್ಕೆ ಒತ್ತಿ ಹಿಡಿದು, ಸದ್ದಿಲ್ಲದೆ ಎತ್ತಿ ಅಡ್ಡಗೋಲಿನ ಮೇಲೆ ಕೂರಿಸಿ. ಕತ್ತಲಲ್ಲಿ ಕೋಳಿಗೆ ಕಣ್ಣು ಕಾಣುವುದು ಬಹಳ ಕಡಿಮೆ, ಹಾಗಾಗಿ ಅದು ಕೂರಿಸಿದಲ್ಲೇ ಇರುತ್ತದೆ. ಒಂದು ವಾರ, ಹಟಮಾರಿಯಾದರೆ ಎರಡು ವಾರ ಬಿಡದೆ ಹೀಗೆ ಮಾಡಬೇಕು, ನಡುವೆ ಒಂದೆರಡು ದಿನ ತಪ್ಪಿಸಿದರೆ ಮೊದಲಿನಿಂದ ಶುರುಮಾಡಿದಂತೆಯೇ. ಹೊಸದಾಗಿ ಮರಿ ಬೆಳೆಸುವವರು 5 ತಿಂಗಳು ತುಂಬಿ ಮೊಟ್ಟೆಗೆ ಬರುವ ಸೂಚನೆ ಕಾಣುವವರೆಗೆ ಪೆಟ್ಟಿಗೆಯನ್ನು ತೆರೆಯದೇ ಇದ್ದರೆ ಈ ಪಾಡೇ ಇರುವುದಿಲ್ಲ.

ಕೊಳೆಯಾದ ಮೊಟ್ಟೆಯನ್ನು ತೊಳೆದರಾಯಿತಲ್ಲ ಎನ್ನುವವರಿದ್ದಾರೆ. ಚಿಪ್ಪಿನಲ್ಲಿ ಸಾವಿರಾರು ಸೂಕ್ಷ್ಮ ರಂಧ್ರಗಳಿರುತ್ತವೆ, ಅವನ್ನು ಮುಚ್ಚಿ ಕಾಯುವ ತೆಳು ಲೇಪ ತೊಳೆದಾಗ ಹೋಗಿಬಿಡುವುದರಿಂದ ಅಂತಹ ಮೊಟ್ಟೆ ಹೆಚ್ಚು ದಿನ ಇಡಲೂ ಕಾವಿಗೆ ಹಾಕಲೂ ತಕ್ಕುದಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬೇಡಿ. ಹಗಲೂ ರಾತ್ರಿಯೂ ಪೆಟ್ಟಿಗೆ ಬಿಡದೆ, ಕೈ ಚಾಚಿದರೆ ಗರಿ ಕೆದರಿ ಗುರುಗುಟ್ಟುತ್ತ, ಎದೆಯ ಪುಕ್ಕ ಕಿತ್ತುಕೊಂಡು ಕುಳಿತ ಹೇಂಟೆ ಕಾವಿಗೆ ಕೂತಿದೆ. ಅದನ್ನು ರಾತ್ರಿ ಎತ್ತಿ ಅಡ್ಡಗೋಲಿಗೆ ಹಾಕಿ ಕಾಡಿಸಬಾರದು. ಮರಿ ಬೇಕಿದ್ದರೆ ಬೇರೆ ಮೂಲೆಯಲ್ಲಿ ಬುಟ್ಟಿ ಇಟ್ಟು ಹುಂಜದ ಜೊತೆಗಿದ್ದ ಕೋಳಿಗಳ ಮೊಟ್ಟೆ ಕೊಟ್ಟು 21 ದಿನ ಕಾಯಿರಿ. ಬೇಡವಾದರೆ ಅಡಿಯಿಂದ ಗಾಳಿಯಾಡುವ ಜಾಲರಿಯ ಪಂಜರದಲ್ಲಿ ನೀರು, ಕಾಳು ಕೊಟ್ಟು ಮೂರ್ನಾಲ್ಕು ದಿನ ಇಟ್ಟರೆ ಹೊಟ್ಟೆಯ ಬಿಸಿ ಇಳಿದು ಸಾಮಾನ್ಯವಾಗಿ ಕಾವು ಬಿಡುತ್ತದೆ.