ಜಿಇಡಿಗೆ ನಾನು ಓದಿಕೊಂಡ ರೀತಿ

ಊರಲ್ಲಿದ್ದಾಗ ಹತ್ತನೇ ಕ್ಲಾಸಿನ ಗಣಿತದಲ್ಲಿ ಫೇಲಾಗಿ ನನ್ನ ಓದು ಅಲ್ಲಿಗೇ ನಿಂತಿತ್ತು. ಮದುವೆಯಾಗಿ ಅಮೆರಿಕಕ್ಕೆ ಬಂದೆ. ಮಕ್ಕಳು ದೊಡ್ಡವರಾದ ಮೇಲೆ, ನನ್ನ 41ನೇ ವಯಸ್ಸಿನಲ್ಲಿ ಜಿಇಡಿ ಪಾಸು ಮಾಡಿದೆ. ಹೈಸ್ಕೂಲು ಮುಗಿಸದವರಿಗೆ ಅದಕ್ಕೆ ಸಮನಾದ ಸರ್ಟಿಫಿಕೇಟು ಕೊಡಿಸುವ ಪರೀಕ್ಷೆ ಇದು. 1942ರಲ್ಲಿ, ಓದು ಬಿಟ್ಟು ಯುದ್ಧಕ್ಕೆ ಹೋದ ಸೈನಿಕರಿಗಾಗಿ ಶುರುವಾಯಿತಂತೆ. ಓದು ಅರ್ಧಕ್ಕೆ ನಿಂತವರಿಗೆಂದೇ ಇರುವ ಪರೀಕ್ಷೆ ಅಂತ ಗೊತ್ತಾದ ದಿನ ನನಗೆ ತುಂಬಾ ಧೈರ್ಯ ಬಂತು.

ಗಣಿತ, ಭಾಷೆ, ವಿಜ್ಞಾನ, ಸಮಾಜ ಅಂತ ನಾಲ್ಕು ವಿಷಯ. ಒಂದೇ ದಿನ ಎಲ್ಲವನ್ನೂ ಬರೆಯಬೇಕಿಲ್ಲ. ಒಂದೊಂದಕ್ಕೂ ಬೇರೆ ಬೇರೆ ದಿನ ಬುಕ್ ಮಾಡಬಹುದು. ಅಂಕ 100ರಿಂದ 200ರವರೆಗೆ ಇರುತ್ತದೆ, ಪ್ರತಿ ವಿಷಯದಲ್ಲೂ 145 ಬಂದರೆ ಪಾಸು. ನಾನು ಸಮಾಜದಿಂದ ಶುರು ಮಾಡಿದೆ, ಯಾಕೆಂದರೆ ಅದು 70 ನಿಮಿಷದ್ದು, ನಾಲ್ಕರಲ್ಲಿ ಚಿಕ್ಕದು. ಒಂದು ಪಾಸಾದರೆ ಉಳಿದವಕ್ಕೆ ಹುಮ್ಮಸ್ಸು ತಾನಾಗಿ ಬರುತ್ತದೆ.

ಪುಸ್ತಕ ಕೊಳ್ಳುವ ಮೊದಲು ಜಿಇಡಿ ರೆಡಿ ಅನ್ನುವ ಅಭ್ಯಾಸ ಪರೀಕ್ಷೆ ಬರೆಯಿರಿ. ನಿಜವಾದ ಪರೀಕ್ಷೆಯ ಅರ್ಧದಷ್ಟು ಉದ್ದ ಇರುತ್ತದೆ. ಎಲ್ಲಿ ಹಿಂದೆ ಬಿದ್ದಿದ್ದೀರಿ ಅಂತ ಅದೇ ಹೇಳುತ್ತದೆ. ನಾನು ಇದನ್ನು ಮಾಡದೆ ಎರಡು ತಿಂಗಳು ಅಮೆರಿಕದ ಅಧ್ಯಕ್ಷರ ಹೆಸರು, ಇಸವಿಗಳನ್ನು ಬಾಯಿಪಾಠ ಮಾಡಿದೆ. ಅದು ಯಾವುದೂ ಕೆಲಸಕ್ಕೆ ಬರಲಿಲ್ಲ. ಸಮಾಜದ ಪತ್ರಿಕೆಯಲ್ಲಿ ಅರ್ಧದಷ್ಟು ಪ್ರಶ್ನೆ ಸರ್ಕಾರ, ಸಂವಿಧಾನದ ಬಗ್ಗೆ. ಅವನ್ನೂ ಒಂದು ಪ್ಯಾರಾ, ನಕ್ಷೆ ಅಥವಾ ಗ್ರಾಫ್ ಕೊಟ್ಟು ಅದರಿಂದಲೇ ಕೇಳುತ್ತಾರೆ. ವಿಜ್ಞಾನವೂ ಹಾಗೇ. ಅದಕ್ಕೇ ದಿನಕ್ಕೆ ಒಂದು ಗ್ರಾಫ್, ಒಂದು ಪ್ಯಾರಾ ಓದಿ, 'ಇದು ಏನು ಹೇಳುತ್ತಿದೆ?' ಅಂತ ಎರಡು ಸಾಲು ಬರೆಯಿರಿ. ಮೊದಲು ಕನ್ನಡದಲ್ಲಿ ಬರೆದರೂ ಪರವಾಗಿಲ್ಲ. ನಾನು ಮೊದಲ ತಿಂಗಳು ಹಾಗೇ ಮಾಡಿದೆ.

ಈಗ ಗಣಿತ. ನಮ್ಮಲ್ಲಿ ಜಾಸ್ತಿ ಜನ ಹೆದರುವುದು ಇದಕ್ಕೇ, ಅಲ್ವಾ? ಸೂತ್ರಗಳ ಹಾಳೆ ಪರದೆಯ ಮೇಲೇ ಸಿಗುತ್ತದೆ. ಸೂತ್ರ ಉರು ಹೊಡೆಯುವುದು ಬಿಟ್ಟು, ಯಾವ ಲೆಕ್ಕಕ್ಕೆ ಯಾವುದು ಅಂತ ಗುರುತಿಸಲು ಕಲಿಯಿರಿ. ಅರ್ಧಕ್ಕಿಂತ ಜಾಸ್ತಿ ಬೀಜಗಣಿತ ಇರುತ್ತದೆ. ಕೆಲವು ಪ್ರಶ್ನೆಗೆ ಕ್ಯಾಲ್ಕುಲೇಟರ್ ಇರುವುದಿಲ್ಲ, ಹಾಗಾಗಿ ಭಿನ್ನರಾಶಿ, ಮೈನಸ್ ಸಂಖ್ಯೆ, ಶೇಕಡಾ ಕೈಯಲ್ಲೇ ಮಾಡಿ ಪಳಗಿ. ಉಳಿದವಕ್ಕೆ ಟಿಐ-30ಎಕ್ಸ್‌ಎಸ್ ಕ್ಯಾಲ್ಕುಲೇಟರ್. ಅದರಲ್ಲಿ ಭಿನ್ನರಾಶಿ ಹಾಕುವ ಬಗೆ ಬೇರೆ, ಮೈನಸ್ ಚಿಹ್ನೆಗೆ ಎರಡು ಬಟನ್. ಕಳೆಯುವುದಕ್ಕೆ ಒಂದು, ಋಣಸಂಖ್ಯೆಗೆ ಇನ್ನೊಂದು. ಇದನ್ನು ಮನೆಯಲ್ಲೇ ಒತ್ತಿ ಒತ್ತಿ ರೂಢಿ ಮಾಡಿಕೊಳ್ಳಿ.

ತಪ್ಪಾದ ಲೆಕ್ಕಗಳಿಗೆ ನಾನು ಒಂದು ನೋಟ್‌ಬುಕ್ ಇಟ್ಟಿದ್ದೆ. ಎಡಗಡೆ ಲೆಕ್ಕ, ಬಲಗಡೆ ಯಾಕೆ ತಪ್ಪಿತು ಅಂತ. ಮೂರು ವಾರದಲ್ಲಿ ನೋಡಿದರೆ ನನ್ನ ತಪ್ಪುಗಳೆಲ್ಲ ಎರಡೇ ಬಗೆಯವು: ಮೈನಸ್ ಬಿಟ್ಟುಹೋಗುವುದು, ಪ್ರಶ್ನೆಯ ಕೊನೆ ಸಾಲು ಸರಿಯಾಗಿ ಓದದೇ ಇರುವುದು. ಗಣಿತ ಬರುವುದೇ ಇಲ್ಲ ಅಂತ ಅಷ್ಟು ವರ್ಷ ನಂಬಿಕೊಂಡಿದ್ದೆ. ಆ ಪುಟಗಳನ್ನು ನೋಡಿ ಅವತ್ತು ಅತ್ತುಬಿಟ್ಟೆ.

ಭಾಷೆಯ ಪತ್ರಿಕೆಯಲ್ಲಿ 45 ನಿಮಿಷದ ಒಂದು ಪ್ರಬಂಧ ಬರುತ್ತದೆ. ಒಂದೇ ವಿಷಯದ ಮೇಲೆ ಎದುರುಬದುರು ವಾದಗಳನ್ನು ಕೊಡುತ್ತಾರೆ. ನಿಮಗೆ ಯಾವುದು ಇಷ್ಟ ಅಂತ ಕೇಳುತ್ತಿಲ್ಲ. ಯಾವ ವಾದಕ್ಕೆ ಗಟ್ಟಿ ಆಧಾರ ಇದೆ ಅಂತ ಅಲ್ಲಿನ ಮಾತುಗಳನ್ನೇ ಎತ್ತಿ ತೋರಿಸಬೇಕು. ಅಭ್ಯಾಸದಲ್ಲಿ ನಾನು ಸುಮ್ನೆ ನನ್ನ ಅಭಿಪ್ರಾಯ ಬರೆಯುತ್ತಿದ್ದೆ, ಅಂಕ ಬರುತ್ತಿರಲಿಲ್ಲ. ಇನ್ನೊಂದು ವಿಷಯ, ಇದನ್ನು ಟೈಪ್ ಮಾಡಬೇಕು. ದಿನಾ ಹದಿನೈದು ನಿಮಿಷ ಇಂಗ್ಲಿಷ್ ಟೈಪಿಂಗ್‌ಗೆ ಎತ್ತಿಡಿ. ಕನ್ನಡ ಮೀಡಿಯಂನಲ್ಲಿ ಓದಿದ ನನಗೆ ಇಡೀ ತಯಾರಿಯಲ್ಲಿ ಕಷ್ಟವಾದದ್ದು ಇದೇ.

ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಒಂದನ್ನೂ ಖಾಲಿ ಬಿಡಬೇಡಿ. ಕಷ್ಟದ್ದಕ್ಕೆ ಗುರುತು ಹಾಕಿ ಮುಂದೆ ಹೋಗಿ, ಟೈಮ್ ಉಳಿದರೆ ವಾಪಸ್ ಬನ್ನಿ. ಮನೆಯಿಂದಲೇ ಬರೆಯುವುದಾದರೆ, ಆ ವಿಷಯದ ಜಿಇಡಿ ರೆಡಿಯಲ್ಲಿ ಹಸಿರು ಫಲಿತಾಂಶ, ಅಂದರೆ ಪಾಸಾಗುವ ಸಾಧ್ಯತೆ ಹೆಚ್ಚು ಅಂತ, ಬಂದಿರಬೇಕು, ಅದೂ ಹಿಂದಿನ 60 ದಿನಗಳೊಳಗೆ.

ಹೆಸರು ನೋಂದಾಯಿಸುವಾಗ ಗುರುತಿನ ಚೀಟಿಯಲ್ಲಿ ಇರುವ ಹಾಗೇ ಬರೆಯಿರಿ. ನಮ್ಮ ಹೆಸರುಗಳಲ್ಲಿ ಇನಿಷಿಯಲ್, ತಂದೆಯ ಹೆಸರು, ಗಂಡನ ಹೆಸರು ಒಂದೊಂದು ಕಾಗದದಲ್ಲಿ ಒಂದೊಂದು ತರಹ ಇರುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ಮುಚ್ಚಿಟ್ಟು, ನೋಂದಾಯಿಸಿದ ಹೆಸರು, ಗುರುತಿನ ಚೀಟಿ ಎರಡನ್ನೂ ಪಕ್ಕಪಕ್ಕ ಇಟ್ಟು ಒಂದು ಸಲ ನೋಡಿಕೊಂಡು ಮಲಗಿ.