ಒಂದು ರೂಪಾಯಿ ಫೀಸು ಕಟ್ಟದೆ ಪೇಪರ್ ಆಯಿತು: ನನ್ನ ಅನುಭವ

"ದುಡ್ಡು ಕೊಡದೆ ಒಳ್ಳೆ ಜರ್ನಲ್‌ನಲ್ಲಿ ಪೇಪರ್ ಆಗ್ತದಾ ಮಾರಾಯ್ರೆ? ಅದೂ ನಮ್ಮ ಡಿಗ್ರಿ ಕಾಲೇಜಿನಿಂದ?" ನಮ್ಮ ಸ್ಟಾಫ್ ರೂಮಿನಲ್ಲಿ ಈ ಮಾತು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಲ್ಲ. ಹೋದ ವರ್ಷ ಆಗಸ್ಟ್‌ನಲ್ಲಿ ನನ್ನ ಸಂಶೋಧನಾ ಪೇಪರ್ ಹಾಗೆಯೇ ಆಯಿತು. ಪೇಪರ್ ಓದಿ ತೂಗಿ ನೋಡುವ ಇಬ್ಬರು ರಿವ್ಯೂವರ್, 43 ಪ್ರಶ್ನೆ, ಎರಡು ರಿವಿಷನ್, ಆಮೇಲೆ ಅಕ್ಸೆಪ್ಟ್. ಫೀಸು ಸೊನ್ನೆ. ಆ ದಿನದಿಂದ ಮೂರು ಜನ ಸಹೋದ್ಯೋಗಿಗಳು ತಮ್ಮ ಡ್ರಾಫ್ಟ್ ಹಿಡಿದುಕೊಂಡು ಬಂದಿದ್ದಾರೆ, ಹಾಗಾಗಿ ಒಂದೇ ಸಲ ಬರೆದಿಡೋಣ ಅನಿಸಿತು.

ನಾನು ಉಡುಪಿ ಕಡೆ ಪ್ರಾಣಿಶಾಸ್ತ್ರ ಪಾಠ ಮಾಡುವವನು. ಕೆಲಸ ಮಾಡಿದ್ದು ಮರುವಾಯಿ ಎಂಬ ಚಿಪ್ಪುಮೀನಿನ ಮೇಲೆ, ವೈಜ್ಞಾನಿಕ ಹೆಸರು ಮೆರಿಟ್ರಿಕ್ಸ್ ಕಾಸ್ಟಾ. ಜಾಗ ಸ್ವರ್ಣಾ, ಸೀತಾ ನದಿಗಳು ಸಮುದ್ರ ಸೇರುವ ಕೋಡಿ ಬೆಂಗ್ರೆಯ ಅಳಿವೆ. ಉದ್ದ, ತೂಕ, ಒಳಗಿನ ಮಾಂಸ ಎಷ್ಟು, ನೀರಿನ ಉಪ್ಪು ಎಷ್ಟು, ಇಷ್ಟೇ. ದೊಡ್ಡ ಯಂತ್ರ ಏನೂ ಬೇಡ. 

ಮೊದಲು ಕಳೆದುಕೊಂಡ ದುಡ್ಡಿನ ಲೆಕ್ಕ. 2017ರಲ್ಲಿ ಒಂದು ಜರ್ನಲ್‌ಗೆ 4,500 ರೂಪಾಯಿ ಕಟ್ಟಿದೆ. ಮೂರೇ ದಿನಕ್ಕೆ ಅಕ್ಸೆಪ್ಟ್ ಎಂದು ಮೇಲ್ ಬಂತು. ಒಂದು ಪ್ರಶ್ನೆ ಇಲ್ಲ, ಒಂದು ತಿದ್ದುಪಡಿ ಇಲ್ಲ. ನನ್ನದೇ ಪೇಪರಿನಲ್ಲಿ ಕೋಷ್ಟಕ 3 ಎಂದು ಬರೆದಿದ್ದೆ, ಆದರೆ ಕೋಷ್ಟಕ ಇದ್ದದ್ದು ಎರಡೇ. ಅದೂ ಹಾಗೆಯೇ ಪ್ರಿಂಟ್ ಆಯಿತು. ಮರುವರ್ಷ ಮೇ ತಿಂಗಳಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ತಾನು ಒಪ್ಪಿದ ಜರ್ನಲ್‌ಗಳ ಪಟ್ಟಿಯಿಂದ 4,305 ಜರ್ನಲ್‌ಗಳನ್ನು ತೆಗೆಯಿತು, ಅದರಲ್ಲಿ ಇದೂ ಹೋಯಿತು. ಬಡ್ತಿ ಸಮಿತಿಯಲ್ಲಿ ಆ ಪೇಪರಿಗೆ ಒಂದು ಅಂಕವೂ ಸಿಗಲಿಲ್ಲ. ಅವತ್ತು ಬಸ್ಸಿನಲ್ಲಿ ವಾಪಸ್ ಬರುವಾಗ ನಿಶ್ಚಯ ಮಾಡಿದೆ, ಇನ್ನು ಪೇಪರಿಗೆ ಕೈಯಿಂದ ದುಡ್ಡು ಕೊಡುವುದಿಲ್ಲ ಎಂದು. ಆಮೇಲೆ ಅದರ ಬದಲಿಗೆ ಯುಜಿಸಿಯದ್ದೇ ಕೇರ್ ಎಂಬ ಹೊಸ ಪಟ್ಟಿ ಬಂತು, 2025ರಲ್ಲಿ ಅದನ್ನೂ ನಿಲ್ಲಿಸಿದರು. ಈಗ ಯಾವುದು ಸರಿ, ಯಾವುದು ಅಲ್ಲ ಎಂದು ನಾವೇ ನೋಡಿಕೊಳ್ಳಬೇಕು.

ನಾನು ನೋಡುವುದು ಹೀಗೆ. ಆ ಜರ್ನಲ್‌ನ ಹತ್ತು ಪೇಪರ್ ತೆರೆಯುತ್ತೇನೆ. ಮೊದಲ ಪುಟದಲ್ಲಿ ಬಂದ ತಾರೀಕು, ಒಪ್ಪಿದ ತಾರೀಕು ಇರುತ್ತದೆ. ನಡುವೆ ಐದಾರು ತಿಂಗಳು ಇದ್ದರೆ ಯಾರೋ ಓದಿದ್ದಾರೆ ಎಂದು ಅರ್ಥ. ಎಲ್ಲವೂ ಹತ್ತು ದಿನದಲ್ಲಿ ಮುಗಿದಿದ್ದರೆ ಆ ಕಡೆ ತಲೆ ಹಾಕುವುದಿಲ್ಲ. ಸಂಪಾದಕ ಮಂಡಳಿಯ ನಾಲ್ಕು ಹೆಸರು ತೆಗೆದುಕೊಂಡು ಅವರ ಸ್ವಂತ ಸಂಸ್ಥೆಯ ಪುಟದಲ್ಲಿ ಈ ಜರ್ನಲ್‌ನ ಹೆಸರು ಉಂಟಾ ಎಂದು ನೋಡುತ್ತೇನೆ. ಪುಕ್ಕಟೆ ಓದಲು ಸಿಗುವ ಜರ್ನಲ್‌ಗಳ ಆನ್‌ಲೈನ್ ಪಟ್ಟಿಯಾದ ಡಿಒಎಜೆಯಲ್ಲಿ ಫೀಸು ಇಲ್ಲದ ಜರ್ನಲ್‌ಗಳನ್ನು ಮಾತ್ರ ಬೇರೆ ಮಾಡಿ ತೋರಿಸುವ ಆಯ್ಕೆ ಉಂಟು, ಅದು ತುಂಬಾ ಜನರಿಗೆ ಗೊತ್ತೇ ಇಲ್ಲ. ಕೊನೆಗೆ ಅಲ್ಲಿ ಬರೆದ ಒಬ್ಬರಿಗೆ ಮೇಲ್ ಹಾಕಿ ಕೇಳುತ್ತೇನೆ. ಹೆಚ್ಚಿನವರು ಉತ್ತರ ಕೊಡುತ್ತಾರೆ.

ಕೆಲಸ ಶುರುವಾಗಿದ್ದು 2021ರ ಅಕ್ಟೋಬರ್‌ನಲ್ಲಿ. ಎರಡು ವರ್ಷ, ಅಕ್ಟೋಬರ್‌ನಿಂದ ಮೇ ತನಕ, ತಿಂಗಳಿಗೊಂದು ಸಲ. ಅಮಾವಾಸ್ಯೆ ಅಥವಾ ಹುಣ್ಣಿಮೆ ಹತ್ತಿರ ನೀರು ಚೆನ್ನಾಗಿ ಇಳಿಯುವ ದಿನ ನೋಡಿ ಹೋಗುತ್ತಿದ್ದೆ. ದೋಣಿಯ ಅಣ್ಣನಿಗೆ ಸಲಕ್ಕೆ 300 ರೂಪಾಯಿ. ಮಳೆಗಾಲದಲ್ಲಿ ಹೋಗಲಿಲ್ಲ, ಅದೇ ದೊಡ್ಡ ತಪ್ಪಾಯಿತು. ಅದನ್ನು ಮುಂದೆ ಹೇಳುತ್ತೇನೆ.

ಮೊದಲ ಸಲ ಕಳಿಸಿದ್ದು 2023ರ ಸೆಪ್ಟೆಂಬರ್. ಹೆಸರು ದೊಡ್ಡದು ಎಂದು ಒಂದು ವಿದೇಶಿ ಜರ್ನಲ್ ಹಿಡಿದೆ. ಎರಡು ದಿನಕ್ಕೆ ವಾಪಸ್, ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು. ಬೇಜಾರಾಯಿತು, ಆದರೆ ಎಡಿಟರ್ ಹೇಳಿದ್ದು ಸರಿಯೇ. ಆ ಜರ್ನಲ್‌ನ ಹಿಂದಿನ ಎರಡು ವರ್ಷದ ಪೇಪರ್‌ಗಳಲ್ಲಿ ನನ್ನಂಥ ಕೆಲಸ ಒಂದೂ ಇರಲಿಲ್ಲ. ಕಳಿಸುವ ಮೊದಲು ಅರ್ಧ ಗಂಟೆ ಕೂತಿದ್ದರೆ ಅಷ್ಟು ಗೊತ್ತಾಗುತ್ತಿತ್ತು.

ಎರಡನೆಯ ಕಡೆ ನಾಲ್ಕು ತಿಂಗಳು ಕಾದೆ. ಇಂಗ್ಲಿಷ್ ಸರಿ ಇಲ್ಲದೆ ರಿಜೆಕ್ಟ್ ಆದೀತು ಎಂಬ ಹೆದರಿಕೆ, ಹಾಗಾಗಿ ಕಳಿಸುವ ಮೊದಲು ಭಾಷೆ ತಿದ್ದುವ ಒಂದು ಏಜೆನ್ಸಿಗೆ 8,000 ಕೊಟ್ಟಿದ್ದೆ. ಮರುವಾಯಿಯ ಮರಿ ನೆಲಕ್ಕೆ ಕೂತ ಮೇಲೆ ಅದನ್ನು ಸ್ಪ್ಯಾಟ್ ಎನ್ನುತ್ತೇವಲ್ಲ, ಅವರು ಅದನ್ನು ಎಲ್ಲ ಕಡೆ ಸ್ಪ್ಲಿಟ್ ಮಾಡಿಟ್ಟಿದ್ದರು. ಏಳು ಕಡೆ! ನಾನು ಐದು ಹಿಡಿದೆ, ಎರಡು ಉಳಿಯಿತು. ರಿವ್ಯೂವರ್ ಅದನ್ನು ನೋಡಿ, ಲೇಖಕರಿಗೆ ವಿಷಯವೇ ಗೊತ್ತಿಲ್ಲ ಎಂಬ ಅರ್ಥದಲ್ಲಿ ಬರೆದಿದ್ದರು. ಆ ಸಾಲು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ. ದುಡ್ಡು ಹೋದದ್ದಕ್ಕಿಂತ ಜಾಸ್ತಿ ಅದೇ ನೋವು.

ಆದರೆ ರಿಜೆಕ್ಟ್ ಆದದ್ದು ಭಾಷೆಯಿಂದ ಅಲ್ಲ. ಇನ್ನೊಬ್ಬ ರಿವ್ಯೂವರ್ ಒಂದೇ ಪ್ಯಾರಾದಲ್ಲಿ ಮೂರು ಮಾತು ಹೇಳಿದ್ದರು. ಜೂನ್‌ನಿಂದ ಸೆಪ್ಟೆಂಬರ್ ತನಕದ ಲೆಕ್ಕ ಇಲ್ಲ. ಉಪ್ಪಿನಂಶ ಅಳೆದಿಲ್ಲ, ಹಳೆಯ ಪೇಪರಿನಿಂದ ತೆಗೆದುಕೊಂಡದ್ದು ನಡೆಯುವುದಿಲ್ಲ. ತಿಂಗಳಿಗೆ 30 ಮರುವಾಯಿ ಸಾಲದು. ಮೊದಲ ಎರಡು ದಿನ ಸಿಟ್ಟು ಬಂತು. ಮೂರನೇ ದಿನ ಮತ್ತೆ ಓದಿದೆ. ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ಆಗಲಿಲ್ಲ. ನಮ್ಮ ಅಳಿವೆಯಲ್ಲಿ ಮಳೆಗಾಲ ಬಿಟ್ಟು ಮರುವಾಯಿಯ ಬಗ್ಗೆ ಮಾತಾಡುವುದು ಎಂದರೆ ಅರ್ಧ ಕತೆ ಹೇಳಿದಂತೆ. ಏಪ್ರಿಲ್‌ನಲ್ಲಿ ಸಾವಿರಕ್ಕೆ 30 ಭಾಗದ ಮೇಲಿದ್ದ ಉಪ್ಪು ಜುಲೈಯಲ್ಲಿ ಸೊನ್ನೆಯ ಹತ್ತಿರ ಬರುತ್ತದೆ. ಆ ಪ್ರಾಣಿಗೆ ಆಗುವ ಕಷ್ಟವೆಲ್ಲ ಆಗಲೇ ಅಲ್ವಾ?

ಹಾಗಾಗಿ 2,600 ಕೊಟ್ಟು ನೀರಿನ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್ ತಗೊಂಡೆ. 2024ರ ಮಳೆಗಾಲದಲ್ಲಿ ಸುಮಾರು 20 ದಿನಕ್ಕೊಮ್ಮೆ, ಒಟ್ಟು ಆರು ಸಲ ಹೋದೆ. "ಈ ಮಳೆಯಲ್ಲಿ ಎಂತ ಮಾಷ್ಟ್ರೇ ನಿಮ್ಮ ಮರುವಾಯಿ, ನೀರು ಇಳಿಯುವುದೇ ಇಲ್ಲ" ಎಂದರು ದೋಣಿಯ ಅಣ್ಣ. ಆದರೂ ಬಂದರು. ಎದೆಮಟ್ಟದ ಕೆಂಪು ನೀರಿನಲ್ಲಿ ನಿಂತು ಕಾಲಿನಲ್ಲಿ ತಡಕಿ, ಬೆರಳಿಗೆ ಗಟ್ಟಿ ಸಿಕ್ಕಿದ್ದನ್ನು ಮುಳುಗಿ ತೆಗೆಯುವುದು. ಬೇಸಿಗೆಯಲ್ಲಿ ಒಂದು ಗಂಟೆಗೆ ನೂರಿನ್ನೂರು ಸಿಗುವ ಜಾಗದಲ್ಲಿ ಎರಡು ಗಂಟೆಗೆ 40. ಅದರಲ್ಲಿ ಹತ್ತು ಹನ್ನೆರಡು ಬರೀ ಚಿಪ್ಪು, ಒಳಗೆ ಕೆಸರು ತುಂಬಿತ್ತು. ಆ ಸತ್ತ ಚಿಪ್ಪುಗಳನ್ನೂ ಎಣಿಸಿ ಬರೆದಿಟ್ಟೆ. ಆಗ ಸುಮ್ನೆ ಬರೆದದ್ದು, ಆಮೇಲೆ ಅದೇ ಪೇಪರಿನ ಅತಿ ಒಳ್ಳೆಯ ಚಿತ್ರವಾಯಿತು.

ಈಗ ಬರೆದ ರೀತಿ. ಇದನ್ನೇ ಯಾರೂ ನಂಬಲಿಲ್ಲ. ನಾನು ಪೀಠಿಕೆಯಿಂದ ಶುರು ಮಾಡಲೇ ಇಲ್ಲ. ಮೊದಲು ಜರ್ನಲ್ ಒಂದನ್ನು ನಿಶ್ಚಯ ಮಾಡಿ, ಅದರಲ್ಲಿ ಬಂದ ಇಂಥದ್ದೇ 12 ಪೇಪರ್‌ಗಳ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದೆ. ಎಷ್ಟು ಚಿತ್ರ, ಎಷ್ಟು ಕೋಷ್ಟಕ, ಚರ್ಚೆ ಎಷ್ಟು ಪುಟ ಎಂದು ಗುರುತು ಹಾಕಿದೆ. ಆಮೇಲೆ ನನ್ನ ನಾಲ್ಕು ಚಿತ್ರ, ಎರಡು ಕೋಷ್ಟಕ ಮಾತ್ರ ತಯಾರು ಮಾಡಿದೆ, ಒಂದು ವಾಕ್ಯವೂ ಬರೆಯಲಿಲ್ಲ. ಎಕ್ಸೆಲ್ ಗ್ರಾಫನ್ನು ಹಾಗೇ ಅಂಟಿಸಬೇಡಿ, ಮಸುಕಾಗುತ್ತದೆ. ನಾನು ಆರ್ (R) ಎಂಬ ಸಾಫ್ಟ್‌ವೇರ್‌ನಲ್ಲಿ ಮಾಡಿ, ಚಿತ್ರ ತಿದ್ದುವ ಇಂಕ್‌ಸ್ಕೇಪ್‌ನಲ್ಲಿ ಅಕ್ಷರ ಸರಿ ಮಾಡಿದೆ, ಎರಡೂ ಪುಕ್ಕಟೆ. ಪರೀಕ್ಷೆ ಒಂದೇ. ಚಿತ್ರವನ್ನು ಜರ್ನಲ್‌ನ ಒಂದು ಕಾಲಂ ಅಗಲಕ್ಕೆ, ಅಂದರೆ ಎಂಟು ಸೆಂಟಿಮೀಟರ್‌ಗೆ ಪ್ರಿಂಟ್ ತೆಗೆದು ಕೈ ಚಾಚಿ ಹಿಡಿಯುವುದು. ಕನ್ನಡಕ ಹಾಕಿಯೂ ಅಂಕೆ ಓದಲು ಆಗದಿದ್ದರೆ ಮತ್ತೆ ಮಾಡುವುದು.

ಚಿತ್ರ ಆದ ಮೇಲೆ ಅದರ ಅರ್ಥವನ್ನು ಕನ್ನಡದಲ್ಲಿ ಬರೆದೆ, ಹದಿನಾಲ್ಕು ವಾಕ್ಯ. ಹೌದು, ಕನ್ನಡದಲ್ಲಿ. ಕ್ಯಾಂಟೀನ್‌ನಲ್ಲಿ ಗೋಳಿಬಜೆ ತಿನ್ನುತ್ತಾ ಕಾಮರ್ಸ್‌ನ ಸಹೋದ್ಯೋಗಿಗೆ ಓದಿ ಹೇಳಿದೆ. ಅವರು ಪೂರ್ತಿ ಕೇಳಿ, "ಅಂದ್ರೆ ಮಳೆಗಾಲದಲ್ಲಿ ಚಿಪ್ಪು ಇದ್ದ ಹಾಗೇ ಇರ್ತದೆ, ಒಳಗೆ ಮಾತ್ರ ಸಪೂರ ಆಗ್ತದೆ, ಅಷ್ಟೇ ಅಲ್ವಾ?" ಎಂದರು. ಅಷ್ಟೇ! ಎರಡು ವರ್ಷ ನಾನು ಆರು ಪುಟ ಸುತ್ತಿ ಬಳಸಿ ಬರೆದದ್ದನ್ನು ಅವರು ಒಂದು ಮಾತಿನಲ್ಲಿ ಹೇಳಿದ್ದರು. ಆ ಮಾತೇ ಇಂಗ್ಲಿಷಿನಲ್ಲಿ ಸಾರಾಂಶದ ಮುಖ್ಯ ವಾಕ್ಯವಾಯಿತು, ಶೀರ್ಷಿಕೆಯೂ ಅದರಿಂದಲೇ ಬಂತು. ಮೊದಲು ಫಲಿತಾಂಶ, ಆಮೇಲೆ ವಿಧಾನ, ಆಮೇಲೆ ಚರ್ಚೆ, ಪೀಠಿಕೆ ಎಲ್ಲಕ್ಕಿಂತ ಕೊನೆಗೆ. ಇಂಗ್ಲಿಷನ್ನು ಇಂಗ್ಲಿಷ್ ವಿಭಾಗದ ಮೇಡಂ ನೋಡಿಕೊಟ್ಟರು, ಖರ್ಚು ಒಂದು ಮರುವಾಯಿ ಪುಂಡಿ ಊಟ.

ಹಳೆಯ ಪೇಪರ್ ಎಲ್ಲಿ ಸಿಗುತ್ತದೆ ಎಂದು ಕೇಳುವವರಿಗೆ: ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರ (ಸಿಎಂಎಫ್‌ಆರ್‌ಐ) ಇ-ಪ್ರಿಂಟ್ಸ್ ಎಂಬ ಆನ್‌ಲೈನ್ ಸಂಗ್ರಹದಲ್ಲಿ ಚಿಪ್ಪುಮೀನಿನ ಬಗ್ಗೆ ದಶಕಗಳ ಕೆಲಸ ಪುಕ್ಕಟೆ ಉಂಟು. ಆದರೆ ಹಳೆಯ ಹೆಸರುಗಳ ಬಗ್ಗೆ ಹುಷಾರು. ನಾವೆಲ್ಲ ಓದಿದ ಪೇಫಿಯಾ ಮಲಬಾರಿಕಾ ಎಂಬ ಚಿಪ್ಪುಮೀನಿನ ಹೆಸರು ಈಗ ಪ್ರೊಟೇಪ್ಸ್ ಗ್ಯಾಲಸ್. ಪ್ರತಿ ಹೆಸರನ್ನೂ ಸಮುದ್ರ ಜೀವಿಗಳ ಹೆಸರಿನ ಆನ್‌ಲೈನ್ ಪಟ್ಟಿಯಾದ ವರ್ಮ್ಸ್‌ನಲ್ಲಿ (WoRMS) ಹಾಕಿ ನೋಡಿ.

ಬೇರೆ ಪೇಪರ್‌ಗಳಿಂದ ಎಷ್ಟು ನಕಲಾಗಿದೆ ಎಂದು ನೋಡುವ ಹೋಲಿಕೆ ತಪಾಸಣೆಯಲ್ಲಿ ಮೊದಲು 23 ಶೇಕಡಾ ಬಂತು. ಎಲ್ಲ ವಿಧಾನದ ಭಾಗವೇ, ನನ್ನದೇ ಹಳೆಯ ಪೇಪರಿನ ವಾಕ್ಯಗಳು. ಯುಜಿಸಿಯ 2018ರ ನಿಯಮದಲ್ಲಿ 10ರ ತನಕ ತೊಂದರೆ ಇಲ್ಲ. ಕೂತು ಹೊಸದಾಗಿ ಬರೆದೆ, 6ಕ್ಕೆ ಇಳಿಯಿತು.

ನಡುವೆ ಒಂದು ಬೇರೆ ಪ್ರಯೋಗವನ್ನೂ ಮಾಡಿದೆ. ನೂರಾರು ಮರುವಾಯಿಯನ್ನು ವರ್ನಿಯರ್‌ನಲ್ಲಿ ಅಳೆದು ಬೆರಳು ನೋವು ಬಂದು, ಗ್ರಾಫ್ ಹಾಳೆಯ ಮೇಲೆ ಸಾಲಾಗಿ ಇಟ್ಟು ಮೊಬೈಲ್‌ನಲ್ಲಿ ಫೋಟೋ ಹೊಡೆದು, ಫೋಟೋದಲ್ಲೇ ಉದ್ದ ಅಳೆಯುವ ಇಮೇಜ್‌ಜೆ ಸಾಫ್ಟ್‌ವೇರ್‌ನಲ್ಲಿ ಅಳೆದೆ. ಚಿಪ್ಪು ಸ್ವಲ್ಪ ವಾಲಿದರೂ ಉದ್ದ ಕಡಿಮೆ ತೋರಿಸುತ್ತದೆ, ವರ್ನಿಯರ್‌ಗಿಂತ ಒಂದು ಮಿಲಿಮೀಟರ್ ತನಕ ವ್ಯತ್ಯಾಸ. ತಟ್ಟೆಯಲ್ಲಿ ತೆಳ್ಳಗೆ ಹೊಯಿಗೆ ಹಾಕಿ ಚಿಪ್ಪನ್ನು ಒತ್ತಿ ಸಮ ಮಾಡಿದ ಮೇಲೆ ಅದು ಅರ್ಧಕ್ಕಿಂತ ಕೆಳಗೆ ಬಂತು. ಇದನ್ನು ಈ ಪೇಪರಿಗೆ ಹಾಕಲಿಲ್ಲ. ಬೇರೆಯೇ ಸಣ್ಣ ಟಿಪ್ಪಣಿ ಮಾಡುವ ಯೋಚನೆ ಉಂಟು. ಇನ್ನೊಂದು, ಬಾವಿ ನೀರಿನ ಬಕೆಟ್‌ನಲ್ಲಿ ಹತ್ತು ಮರುವಾಯಿ ಇಟ್ಟು ಎಷ್ಟು ದಿನ ಬಾಯಿ ಮುಚ್ಚಿಕೊಂಡಿರುತ್ತವೆ ಎಂದು ನೋಡಿದೆ. ನಾಲ್ಕೈದು ದಿನ ಗಟ್ಟಿ ಇದ್ದವು. ಆಮೇಲೆ ಮನೆಯಲ್ಲಿ ಬಕೆಟ್ ಹೊರಗೆ ಹಾಕಿಸಿದರು.

ಮೂರನೆಯ ಸಲ ಕಳಿಸಿದ್ದು 2024ರ ನವೆಂಬರ್, ಭಾರತದ್ದೇ ಒಂದು ವಿಜ್ಞಾನ ಸಂಘದ ಜರ್ನಲ್‌ಗೆ. ಕವರ್ ಲೆಟರ್ ಒಂಬತ್ತೇ ಸಾಲು. ಅದರ ಎರಡನೇ ಸಾಲಿನಲ್ಲಿ ನಾನು ಏನು ಬರೆದೆ ಎಂದು ಇಲ್ಲಿ ಹೇಳುವುದಿಲ್ಲ, ಮುಂದಿನ ಪೇಪರಿಗೂ ಅದು ಬೇಕು. ರಿವ್ಯೂವರ್ ಹೆಸರು ಸೂಚಿಸಿ ಎಂದಾಗ ನಾಲ್ವರನ್ನು ಹೇಗೆ ಆರಿಸಿದೆ ಎಂಬುದನ್ನೂ ನನ್ನ ಹತ್ತಿರ ಕೂತು ಕೇಳಿದವರಿಗೆ ಮಾತ್ರ ಹೇಳುತ್ತೇನೆ.

ಮಾರ್ಚ್‌ನಲ್ಲಿ 43 ಪ್ರಶ್ನೆ ಬಂತು. ಉತ್ತರ 11 ಪುಟ. ಪ್ರತಿ ಪ್ರಶ್ನೆಯನ್ನೂ ಪೂರ್ತಿ ನಕಲು ಮಾಡಿ, ಕೆಳಗೆ ಉತ್ತರ, ಅದರ ಕೆಳಗೆ ಎಷ್ಟನೇ ಪುಟ, ಎಷ್ಟನೇ ಸಾಲಿನಲ್ಲಿ ಬದಲಾಯಿಸಿದೆ ಎಂದು ಬರೆದೆ. ಸಣ್ಣ ಕಾಗುಣಿತಕ್ಕೂ ಬರೆದೆ. 39 ಒಪ್ಪಿಕೊಂಡೆ, ನಾಲ್ಕಕ್ಕೆ ಇಲ್ಲ ಎಂದೆ. ಇಲ್ಲ ಎನ್ನಲು ಹೆದರಬೇಡಿ. ಒಬ್ಬರು ಮರುವಾಯಿಯ ಪ್ರಭೇದ ಗುರುತಿಸಲು ಸಿಒಐ ಎಂಬ ಜೀನ್‌ನ ಡಿಎನ್‌ಎ ಸೀಕ್ವೆನ್ಸ್ ಮಾಡಿ ಎಂದಿದ್ದರು. ನಮ್ಮಲ್ಲಿ ಅದಕ್ಕೆ ವ್ಯವಸ್ಥೆಯೂ ಇಲ್ಲ, ದುಡ್ಡೂ ಇಲ್ಲ. ಅದನ್ನು ನೇರವಾಗಿ ಹೇಳಿದೆ. ಬದಲಿಗೆ ಚಿಪ್ಪಿನ ಕೀಲಿನ ಹಲ್ಲುಗಳ ಹತ್ತಿರದ ಫೋಟೋ ಕಳಿಸಿದೆ, ಮಾದರಿಗಳನ್ನು ಕಾಲೇಜಿನ ಸಂಗ್ರಹದಲ್ಲಿ ಸಂಖ್ಯೆ ಹಾಕಿ ಇಟ್ಟಿದ್ದೇನೆ, ಯಾರು ಬೇಕಾದರೂ ಬಂದು ನೋಡಬಹುದು ಎಂದು ಬರೆದೆ. ಅವರು ಒಪ್ಪಿದರು.

ಉತ್ತರ ಕಳಿಸುವ ಮುಂಚಿನ ರಾತ್ರಿ ಹೆಂಡತಿಯ ಕೈಗೆ ಫೀಲ್ಡ್ ಪುಸ್ತಕ ಕೊಟ್ಟು, ನಾನು ಕೋಷ್ಟಕದ ಅಂಕೆ ಒಂದೊಂದಾಗಿ ಗಟ್ಟಿಯಾಗಿ ಓದಿದೆ. ಫೆಬ್ರವರಿಯ ಸರಾಸರಿ ಉದ್ದ ನಾನು 34.1 ಎಂದೆ, ಅವಳು "31.4 ಉಂಟಲ್ಲ" ಎಂದಳು. ಮೂರು ವರ್ಷ ಯಾರ ಕಣ್ಣಿಗೂ ಬೀಳದ ತಪ್ಪು. ಒಂದು ಗ್ರಾಫ್ ಪೂರ್ತಿ ಮತ್ತೆ ಹಾಕಬೇಕಾಯಿತು, ಬೆಳಗಿನ ಎರಡು ಗಂಟೆ ಆಯಿತು.

ಖರ್ಚು ನೆನಪಿದ್ದಷ್ಟು ಹೇಳುವುದಾದರೆ, ದೋಣಿ 22 ಸಲಕ್ಕೆ 6,600, ಪೆಟ್ರೋಲ್ 10,000ದ ಹತ್ತಿರ, ರಿಫ್ರಾಕ್ಟೋಮೀಟರ್ 2,600, ಡಿಜಿಟಲ್ ವರ್ನಿಯರ್ 1,400. ಒಟ್ಟು 20,000ಕ್ಕೆ ಸ್ವಲ್ಪ ಮೇಲೆ. ನೀರಿಗೆ ಬಿದ್ದ 12,500 ಬೇರೆ. ಇದೇ ಹೊತ್ತಿಗೆ ನನಗೆ ಗೊತ್ತಿರುವ ಒಬ್ಬರು ಒಂದೇ ಪೇಪರಿನ ಫೀಸಿಗೆ 60,000 ಸಾಲ ಮಾಡಿದರು.

ಅಚ್ಚಿನ ಮೊದಲು ತಿದ್ದಲು ಕಳಿಸುವ ಪ್ರತಿ, ಅಂದರೆ ಪ್ರೂಫ್, ಬಂದಾಗ 48 ಗಂಟೆ ಸಮಯ ಕೊಡುತ್ತಾರೆ. ಆ ದಿನ ಬೇರೆ ಏನೂ ಇಟ್ಟುಕೊಳ್ಳಬೇಡಿ. ನನ್ನದರಲ್ಲಿ ಕೋಷ್ಟಕದ ಒಂದು ಸಾಲು ಕೆಳಗೆ ಜಾರಿತ್ತು, ಎರಡು ಕಡೆ ಮಿಲಿಮೀಟರ್ ಇದ್ದದ್ದು ಸೆಂಟಿಮೀಟರ್ ಆಗಿತ್ತು. ಕೃತಜ್ಞತೆಯಲ್ಲಿ ದೋಣಿಯ ಅಣ್ಣನ ಹೆಸರಿನ ಒಂದು ಅಕ್ಷರ ತಪ್ಪಿತ್ತು. ಅವರಿಗೆ ಫೋನ್ ಮಾಡಿ ಆಧಾರ್‌ನಲ್ಲಿ ಹೇಗೆ ಉಂಟು ಎಂದು ಕೇಳಿ, ಹಾಗೆಯೇ ತಿದ್ದಿ ಕಳಿಸಿದೆ.